ನಲವತ್ತೊಂದನೆಯ ಹಾಳೆ

ಮಾರ್ಚ್ 3

ಅಕ್ಕಾ,

ನಿನ್ನ ಕಾಗದ ನಿನ್ನೆ ಕೈಗೆ ಸಿಕ್ಕಿತು. ಓದಿ ಮೈ ಉರಿಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ‘ಸೈನ್ಯ ಕಳಿಸಿದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ’ ಎಂದು ಬರೆದಿದ್ದೀಯಲ್ಲ, ಬಿಗಡಾಯಿಸುವುದಕ್ಕೆ ಇಲ್ಲಿ ಇನ್ನೇನು ಉಳಿದಿದೆ ಮಹರಾಯ್ತಿ? ಫೋನ್ ತಂತಿ ಕತ್ತರಿಸಿ ಎರಡು ತಿಂಗಳಾಯಿತು. ಗುಡ್ಡದ ಆಚೆಯಿಂದ ಬಂದ ಬಂದೂಕಿನವರು ನಾಲ್ಕು ರಸ್ತೆ ಕೂಡುವಲ್ಲಿ ಮರಳಿನ ಚೀಲ ಜೋಡಿಸಿಕೊಂಡು ಕೂತಿದ್ದಾರೆ. ಈ ಊರು ತಮ್ಮದು ಅನ್ನುತ್ತಾರೆ. ನಮ್ಮ ಸರಕಾರವೂ ತನ್ನದು ಅನ್ನುತ್ತದೆ. ಇಬ್ಬರ ನಡುವೆ ನಾನು ಹೆರಿಗೆ ಮಾಡಿಸಬೇಕು.

ಮೊನ್ನೆ ನೋವು ತಿನ್ನುತ್ತಿದ್ದವಳೊಬ್ಬಳನ್ನು ಕೈಗಾಡಿಯಲ್ಲಿ ಮಲಗಿಸಿಕೊಂಡು ಬರುತ್ತಿದ್ದಾಗ ಒಂದು ಗಂಟೆ ನಿಲ್ಲಿಸಿಕೊಂಡರು. ‘ಚೀಲದಲ್ಲಿ ಏನಿದೆ?’ ಅಂತ ಒಬ್ಬ ಕೇಳಿದ. ‘ಕತ್ತರಿ, ಹತ್ತಿ, ನಿನ್ನಂಥವರು ಹುಟ್ಟಿದಾಗ ಹೊಕ್ಕಳಿಗೆ ಕಟ್ಟೋ ದಾರ’ ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಕೊನೆಗೆ ಮಗು ಹುಟ್ಟಿದ್ದು ಹೆರಿಗೆ ಮನೆಯ ಗೇಟಿನ ಹತ್ತಿರ, ಗಾಡಿಯಲ್ಲೇ.

ನಮ್ಮ ಹಿಂದಿನ ಬೀದಿಯ ಕಲ್ಲಿನ ಶಾಲೆ ಮುಚ್ಚಿ ಒಂದು ತಿಂಗಳಾಯಿತು. ಮೇಷ್ಟ್ರು ಬೀಗ ಜಡಿದು, ಕೀಲಿಯನ್ನು ನನ್ನ ಕೈಗಿಟ್ಟು ಊರು ಬಿಟ್ಟರು. ಈಗ ಅತ್ತ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ. ಮಕ್ಕಳ ಗಲಾಟೆಗೆ ಬೈಯುತ್ತಿದ್ದವಳು ನಾನೇ, ಈಗ ಆ ಸದ್ದಿಲ್ಲದೆ ಕಿವಿ ಬಿಕೋ ಅನ್ನುತ್ತದೆ.

ಸೈನ್ಯ ಬರಲಿ ಅಕ್ಕಾ. ನಾಳೆ ಬರುವುದಿದ್ದರೆ ಇವತ್ತೇ ಬರಲಿ. ನೀನು ನಿನ್ನ ನಕ್ಷೆ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ಶಾಂತಿ ಮಾತಾಡಬೇಡ.

ನಿನ್ನ ಮೆಣಸಿನಕಾಯಿ


ಮಾರ್ಚ್ 12

ಮೆಣಸಿನಕಾಯಿಗೆ,

ಫ್ಯಾನು ಕೆಟ್ಟು ವಾರವಾಯಿತು. ಅದನ್ನು ಮೊದಲು ತಿಳಿಸುತ್ತೇನೆ, ನಿನ್ನ ಹೊಟ್ಟೆ ತಣ್ಣಗಾಗಲಿ.

ನಾನು ಸುಮ್ಮನೆ ಸೈನ್ಯ ಬೇಡ ಎನ್ನುತ್ತಿಲ್ಲ ಕಣೇ. ಹದಿನೆಂಟು ವರ್ಷದಿಂದ ಈ ಮೇಜಿನ ಮುಂದೆ ಕೂತು ನಕ್ಷೆ ಬರೆಯುತ್ತಿರುವವಳು ನಾನು. ನಿಮ್ಮ ಊರು ಇರುವುದು ನಲವತ್ತೊಂದನೆಯ ಹಾಳೆಯಲ್ಲಿ. ಅದನ್ನು ಅಳತೆ ಮಾಡಿದ್ದು ಮೂವತ್ತು ವರ್ಷದ ಹಿಂದೆ. ಗುಡ್ಡದ ಕಡೆಯ ಅರ್ಧ ಭಾಗವನ್ನು ವಿಮಾನದಿಂದ ತೆಗೆದ ಫೋಟೋ ನೋಡಿ ಬರೆದದ್ದು. ಫೋಟೋದಲ್ಲಿ ಮೋಡ ಬಂದಲ್ಲೆಲ್ಲ ನಮ್ಮ ಹಿಂದಿನವರು ಅಂದಾಜಿಗೆ ಗೆರೆ ಎಳೆದಿದ್ದಾರೆ. ಆ ಹಾಳೆಯಲ್ಲಿ ಒಂದು ಹೊಳೆ ಕೆಳಗಿನಿಂದ ಗುಡ್ಡ ಹತ್ತುತ್ತದೆ, ಗೊತ್ತೇ? ಜನ ಇರುವ ಕಟ್ಟಡಕ್ಕೆ ಕಪ್ಪು ತುಂಬಿದ ಚೌಕ, ಯಾರೂ ಇಲ್ಲದ ಕಟ್ಟಡಕ್ಕೆ ಬರೀ ಗೆರೆಯ ಖಾಲಿ ಚೌಕ. ಎರಡು ಮೈಲಿ ದೂರದಲ್ಲಿ ಫಿರಂಗಿ ಇಟ್ಟುಕೊಂಡು ನಿಂತವನು ನೋಡುವುದು ಆ ಚೌಕವನ್ನೇ, ನಿನ್ನ ಮುಖವನ್ನಲ್ಲ. ಇಂಥ ಹಾಳೆಯನ್ನು ನಂಬಿ ಯಾರೂ ಗುಂಡು ಹಾರಿಸಬಾರದು.

ಇದನ್ನೇ ನಿನ್ನೆ ಕ್ಯಾಂಟೀನಿನಲ್ಲಿ ಹೇಳಿದೆ. ನಮ್ಮ ಮೇಲ್ವಿಚಾರಕರು ಚಹಾದ ಲೋಟವನ್ನು ಮೇಜಿಗೆ ಕುಕ್ಕಿ, ‘ನೀವು ಯಾರ ಕಡೆಯವರಮ್ಮಾ?’ ಅಂದರು. ‘ನನ್ನ ತಂಗಿ ಕಡೆಯವಳು ಸಾರ್’ ಅಂದೆ. ಯಾರೂ ನಗಲಿಲ್ಲ. ಆಮೇಲೆ ನನ್ನ ಮೇಜಿಗೆ ಯಾರೂ ಬಂದು ಕೂರಲಿಲ್ಲ.

ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಸಿಟ್ಟಿನಲ್ಲಿ ಇರುವವರಿಗೆ ಮುಂದಿನದ್ದು ಕಾಣಿಸುವುದಿಲ್ಲ. ಬಸ್ಸು ಓಡುತ್ತಿರುವಾಗಲೇ ಹೊರಟು ಬಂದುಬಿಡು. ಹೆರಿಗೆ ಮಾಡಿಸುವವರು ಬೇರೆ ಯಾರಾದರೂ ಸಿಗುತ್ತಾರೆ. ನನಗೆ ಇರುವುದು ಒಬ್ಬಳೇ ತಂಗಿ.

ಅಕ್ಕ


ಮಾರ್ಚ್ 21

ಅಕ್ಕನಿಗೆ,

ಹೆರಿಗೆ ಮಾಡಿಸುವವರು ಬೇರೆ ಸಿಗುತ್ತಾರೆಯೇ! ಎಲ್ಲಿ ಸಿಗುತ್ತಾರೆ, ನಿಮ್ಮ ಕ್ಯಾಂಟೀನಿನಲ್ಲೇ?

ಹೋದ ವಾರ ಬಂದೂಕಿನವರು ನಮ್ಮ ಔಷಧಿ ಬೀರು ಒಡೆದರು. ರಕ್ತ ನಿಲ್ಲಿಸುವ ಚುಚ್ಚುಮದ್ದನ್ನೂ ಬಿಡದೆ ಗುಡಿಸಿಕೊಂಡು ಹೋದರು. ‘ಅದು ಗಂಡಸರಿಗೆ ಉಪಯೋಗಕ್ಕೆ ಬರಲ್ಲಪ್ಪಾ, ಅದೊಂದನ್ನ ಬಿಟ್ಟು ಹೋಗಿ’ ಅಂತ ಕೈ ಮುಗಿದೆ. ಮಾರನೆಯ ದಿನ ಇಪ್ಪತ್ತೆರಡು ವರ್ಷದವಳೊಬ್ಬಳು ಹೆತ್ತ ಮೇಲೆ ರಕ್ತ ನಿಲ್ಲದೆ ನನ್ನ ಕೈಯಲ್ಲೇ ಹೋದಳು. ಎರಡೂ ಮುಷ್ಟಿಯಿಂದ ಒತ್ತಿ ಹಿಡಿದಿದ್ದೆ. ನನ್ನ ತೋಳು ಮರಗಟ್ಟಿತು, ರಕ್ತ ಮಾತ್ರ ನಿಲ್ಲಲಿಲ್ಲ. ಅವಳಿಗೆ ನಿನ್ನ ನಕ್ಷೆಯಲ್ಲಿ ಯಾವ ಚೌಕ ಹಾಕುತ್ತೀ, ಕಪ್ಪೋ ಖಾಲಿಯೋ?

ನಿನಗೆ ಮುಂದಿನದ್ದು ಕಾಣಿಸುತ್ತದೆ, ನಾನು ಸಿಟ್ಟಿನವಳು. ಆಗಲಿ. ಇನ್ನು ನಾನು ಕಾಗದ ಬರೆಯುವುದಿಲ್ಲ. ನೀನೂ ಬರೆಯಬೇಡ.


ಏಪ್ರಿಲ್ 1

ಪುಟ್ಟಾ,

ಬರೆಯಬೇಡ ಅಂದಿದ್ದೀ, ಬರೆಯುತ್ತಿದ್ದೇನೆ. ಸತ್ತವಳ ಸುದ್ದಿ ಓದಿ ಅಳು ಬಂತು. ‘ಬೇರೆ ಸಿಗುತ್ತಾರೆ’ ಅಂದದ್ದು ನನ್ನ ತಪ್ಪು. ನನ್ನ ನಾಲಿಗೆಗೆ ಸೂಜಿ ಚುಚ್ಚಬೇಕು.

ವಾದ ಬಿಡೋಣ. ಊರಿನ ಸುದ್ದಿ ಬರೆ. ಹಿಟ್ಟಿನ ಗಿರಣಿ ನಡೆಯುತ್ತಿದೆಯೇ? ಹೊಳೆ ದಂಡೆಯ ಮನೆಗಳಲ್ಲಿ ಜನ ಇದ್ದಾರೆಯೇ, ಇಲ್ಲ ಬಿಟ್ಟು ಹೋದರೇ? ಶಾಲೆ ಇನ್ನೂ ಮುಚ್ಚಿಯೇ ಇದೆಯೇ? ಸುಮ್ಮನೆ ಕೇಳಿದೆ. ಆದರೆ ಬೇಗ ಬರೆ, ಈ ಕಾಗದ ಕೈಗೆ ಸಿಕ್ಕ ದಿನವೇ ಬರೆ. ಉಳಿದದ್ದನ್ನು ಬೈದು ಬರೆದರೂ ಅಡ್ಡಿಯಿಲ್ಲ.

ಕಚೇರಿಯಲ್ಲಿ ಕೆಲಸ ಜಾಸ್ತಿ. ನಮ್ಮ ಕೋಣೆಯ ಬಾಗಿಲಿಗೆ ಈಗ ಒಳಗಿನಿಂದ ಚಿಲಕ. ಏನು ಎಂದು ಕೇಳಬೇಡ.

ಅಕ್ಕ


ಏಪ್ರಿಲ್ 11

ಅಕ್ಕಾ,

ಬರೆಯುವುದಿಲ್ಲ ಅಂದವಳು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಎರಡು ದಿನವಾಯಿತು. ಇಲ್ಲಿ ಊರಿಗೆ ಊರೇ ಉಸಿರು ಬಿಗಿ ಹಿಡಿದು ಕೂತಿರುವಾಗ ನೀನು ಗಿರಣಿ, ಹೊಳೆ, ಶಾಲೆ ಅಂತ ವಿಚಾರಿಸಿದ್ದು ನೋಡಿ, ‘ವಾದದಲ್ಲಿ ಸೋತಳು, ಮಾತು ತಿರುಗಿಸ್ತಿದಾಳೆ’ ಅಂದುಕೊಂಡು ಮೂಲೆಗೆ ಎಸೆದಿದ್ದೆ. ಇವತ್ತು ಮನಸ್ಸು ತಡೆಯಲಿಲ್ಲ.

ಗಿರಣಿ ನಿಂತಿದೆ. ಹೊಳೆ ದಂಡೆಯವರು ಅರ್ಧ ಹೋದರು, ಅರ್ಧ ಇದ್ದಾರೆ. ಶಾಲೆ ಮುಚ್ಚಿಲ್ಲ. ಶಾಲೆಯಲ್ಲಿ ಈಗ ನಾವೇ ಇದ್ದೇವೆ! ಎರಡನೆಯ ತಾರೀಖು ಹೆರಿಗೆ ಮನೆಯ ಕಿಟಕಿಯಿಂದ ಗುಂಡೊಂದು ಒಳಗೆ ಬಂದು ತೊಟ್ಟಿಲ ಪಕ್ಕದ ಗೋಡೆಗೆ ಹೊಕ್ಕಿತು. ಅವತ್ತೇ ತೀರ್ಮಾನ ಮಾಡಿದೆ. ಶಾಲೆಯ ಗೋಡೆ ಎರಡು ಅಡಿ ದಪ್ಪದ ಕಲ್ಲು, ಕೀಲಿ ಹೇಗೂ ನನ್ನ ಹತ್ತಿರವೇ ಇತ್ತು. ಒಂಬತ್ತು ಹೆಂಗಸರು, ಎರಡು ಹಸುಗೂಸು, ಆಯಾ, ನಾನು. ಬೆಂಚು ಎರಡೆರಡು ಜೋಡಿಸಿ ಹಾಸಿಗೆ ಮಾಡಿದ್ದೇವೆ. ಕಪ್ಪು ಹಲಗೆಯ ಮೇಲೆ ಯಾರಿಗೆ ಎಷ್ಟು ತಿಂಗಳು ಎಂದು ಬರೆದಿದ್ದೇನೆ.

ಸಾಮಾನು ಹೊತ್ತದ್ದೆಲ್ಲ ನಮ್ಮೂರಿನ ಒಬ್ಬ ಗಾರೆ ಕೆಲಸದವನು. ಅವನ ಹೆಂಡತಿಗೆ ಎಂಟು ತಿಂಗಳು, ಮೊದಲ ಬಸಿರು. ಅವನು ಕಿಟಕಿಗೆ ಇಟ್ಟಿಗೆ ಕಟ್ಟುತ್ತಿದ್ದರೆ ಅವಳು ಬೆಂಚಿನ ಮೇಲಿಂದಲೇ, ‘ಸೊಟ್ಟ ಕಟ್ತಿದೀರಿ ನೋಡ್ರಿ, ಮಗು ನಕ್ಕೀತು’ ಅಂತ ರೇಗಿಸುತ್ತಾಳೆ. ಅವನು ಮತ್ತೆ ಬಿಚ್ಚಿ ಕಟ್ಟುತ್ತಾನೆ.

ಸೈನ್ಯ ಬಂದ ದಿನ ನಾನು ಕೇಳುವುದು ಒಂದೇ, ಈ ಹೆಂಗಸರನ್ನು ಮೊದಲು ದೊಡ್ಡಾಸ್ಪತ್ರೆಗೆ ಸಾಗಿಸಿ ಅಂತ. ಅಲ್ಲಿಯವರೆಗೆ ಕಲ್ಲಿನ ಗೋಡೆ ಇದೆ, ನೀನು ಹೆದರಬೇಡ.

ಮೆಣಸಿನಕಾಯಿ


ಏಪ್ರಿಲ್ 14

ಪುಟ್ಟಾ,

ದಿನಾ ಅಂಚೆಯವನ ದಾರಿ ಕಾದು ಕಣ್ಣು ಸೋತಿತು. ಅಷ್ಟೊಂದು ಕೋಪವೇ? ಇನ್ನು ನಾನು ಕಾಯುವ ಹಾಗಿಲ್ಲ, ಇವತ್ತಿಗೆ ಕೆಲಸ ಮುಗಿಸಿ ಕೊಡಬೇಕಿತ್ತು, ಕೊಟ್ಟೆ.

ಹೆಚ್ಚು ಬರೆಯಬಾರದು, ಆದರೂ ಇಷ್ಟು ತಿಳಿದುಕೋ. ನಿನ್ನ ಹೆರಿಗೆ ಮನೆಯನ್ನು ನನ್ನ ಕೈಯಾರೆ ಕಪ್ಪಾಗಿ ತುಂಬಿದ್ದೇನೆ. ಎರಡು ಸಲ ಮಸಿ ಹಾಕಿದೆ. ಅದರ ಮೇಲೆ ಆಸ್ಪತ್ರೆಯ ಗುರುತನ್ನೂ ಬರೆದೆ, ಕುರುಡನಿಗೂ ಕಾಣಬೇಕು ಹಾಗೆ. ಖಾಲಿ ಇರುವುದನ್ನು ಖಾಲಿ ಎಂದೇ ತೋರಿಸಿದ್ದೇನೆ, ನೀನು ಮಾರ್ಚಿನಲ್ಲಿ ಬರೆದ ಹಾಗೆಯೇ. ಸೈನಿಕರು ಉಳಿಯುವುದಿದ್ದರೆ ಅಲ್ಲಿ ಉಳಿಯಲಿ, ನಿಮ್ಮ ಕಡೆ ಬರದಿರಲಿ. ಗುಡ್ಡ ಹತ್ತುತ್ತಿದ್ದ ಹೊಳೆಯನ್ನೂ ಕೆಳಗಿಳಿಸಿದೆ.

ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಅವರು ಹೋಗುವುದೇ ಆದರೆ ಸರಿಯಾದ ಹಾಳೆ ಹಿಡಿದುಕೊಂಡು ಹೋಗಲಿ. ಎಷ್ಟೋ ದಿನದ ಮೇಲೆ ನಿನ್ನೆ ಚೆನ್ನಾಗಿ ನಿದ್ದೆ ಬಂತು.

ನೀನು ಹೆರಿಗೆ ಮನೆ ಬಿಟ್ಟು ಎಲ್ಲೂ ಹೋಗಬೇಡ.

ಅಕ್ಕ


ಏಪ್ರಿಲ್ 21

ಪುಟ್ಟಾ,

ಈಗ ಹನ್ನೊಂದು ಗಂಟೆ. ನಿನ್ನ ಹನ್ನೊಂದನೆಯ ತಾರೀಖಿನ ಕಾಗದ ಬೆಳಗ್ಗೆ ಬಂತು. ಶಾಲೆಯಿಂದ ಹೊರಗೆ ಬಾ. ಎಲ್ಲರನ್ನೂ ಕರೆದುಕೊಂಡು ಈ ಕ್ಷಣವೇ ಹೆರಿಗೆ ಮನೆಗೆ ಹೋಗು. ಉಳಿದದ್ದನ್ನು ಆಮೇಲೆ ಓದು.

ಸೈನ್ಯಕ್ಕೆ ಕೊಡಲು ನಲವತ್ತೊಂದನೆಯ ಹಾಳೆ ತಿದ್ದಿದ್ದು ನಾನು. ಶಾಲೆಯ ಕಪ್ಪು ಚೌಕವನ್ನು ಬ್ಲೇಡಿನಿಂದ ಹೆರೆದು ಖಾಲಿ ಮಾಡಿದ್ದು ನಾನು. ಬಾಯಿ ಬಿಟ್ಟು ಹೇಳುವಂತಿರಲಿಲ್ಲ, ಅದಕ್ಕೇ ‘ಸುಮ್ಮನೆ ಕೇಳಿದೆ’ ಎಂದು ಬರೆದದ್ದು. ಸುಮ್ಮನೆ ಅಲ್ಲ ಕಣೇ, ಸುಮ್ಮನೆ ಅಲ್ಲ!

ನಿನ್ನ ಕಾಗದ ಹಿಡಿದು ಮೇಲ್ವಿಚಾರಕರ ಹತ್ತಿರ ಓಡಿದೆ. ‘ಸಾರ್, ಹಾಳೆ ವಾಪಸ್ ತರಿಸಿ. ಶಾಲೇಲಿ ಬಸುರಿಯರಿದಾರೆ’ ಅಂದೆ. ಅವರ ಮುಖವೂ ಬಿಳಿಚಿತು. ‘ನಾನೂರು ಪ್ರತಿ ಅಚ್ಚಾಗಿ ನಿನ್ನೇನೇ ಲಾರಿ ಹೋಯ್ತಮ್ಮಾ. ತಿದ್ದುಪಡಿ ಚೀಟಿ ಕಳಿಸ್ತೀನಿ, ಮುಂದಿನ ರವಾನೆ ಜೊತೆ ಹೋಗುತ್ತೆ’ ಅಂದರು. ಮುಂದಿನ ರವಾನೆ ಯಾವಾಗ ಎಂದರೆ ಅವರಿಗೂ ಗೊತ್ತಿಲ್ಲ. ಸೇನೆಯ ಕಚೇರಿಗೆ ಓಡಿದೆ. ಗೇಟಿನಲ್ಲಿ ಹೆಸರು ಬರೆಸಿಕೊಂಡು, ‘ಕಾಗದ ಇಟ್ಟು ಹೋಗಿ’ ಅಂದರು. ಇಡಲಿಲ್ಲ, ಜಗಳ ಮಾಡಿದೆ. ಹೊರಗೆ ದಬ್ಬಿದರು. ಈಗ ಅಂಚೆ ಕಚೇರಿಯ ಮೇಜಿನ ಮೇಲೆ ನಿಂತುಕೊಂಡೇ ಬರೆಯುತ್ತಿದ್ದೇನೆ. ತಂತಿ ಕಳಿಸಿ ಎಂದು ಬೇಡಿದರೆ ಕೌಂಟರಿನಾಕೆ ತಲೆ ಅಲ್ಲಾಡಿಸುತ್ತಿದ್ದಾಳೆ.

ದಮ್ಮಯ್ಯ, ಹೊರಗೆ ಬಾ.


ಮೇ 9

ಅಕ್ಕಾ,

ಇವತ್ತಿನಿಂದ ಮತ್ತೆ ಅಂಚೆ ತೆಗೆದುಕೊಳ್ಳುತ್ತಾರಂತೆ. ಏಪ್ರಿಲ್ ಒಂದರ ನಂತರ ನಿನ್ನ ಒಂದು ಕಾಗದವೂ ನನಗೆ ಬಂದಿಲ್ಲ. ನಾನು ಬದುಕಿದ್ದೇನೆ.

ಏಪ್ರಿಲ್ ಇಪ್ಪತ್ನಾಲ್ಕು, ಬೆಳಗ್ಗೆ ಎಂಟು ಗಂಟೆ. ಒಬ್ಬಳಿಗೆ ನೋವು ಶುರುವಾಗಿತ್ತು. ಒಗೆದ ಬಟ್ಟೆ ತರಲು ನಾನು ಹಿಂದಿನ ಬೀದಿ ದಾಟಿ ಹೆರಿಗೆ ಮನೆಗೆ ಹೋದೆ. ಬೀರುವಿನ ಬಾಗಿಲು ತೆಗೆಯುತ್ತಿದ್ದೆ, ಅಷ್ಟರಲ್ಲಿ ಬಿತ್ತು. ಒಂದಾದ ಮೇಲೊಂದು, ಮೂರು. ಓಡಿದೆ. ಬೀದಿ ಧೂಳಿನಲ್ಲಿ ಕಾಣುತ್ತಿರಲಿಲ್ಲ. ಎರಡು ಅಡಿ ದಪ್ಪದ ಗೋಡೆ ಗುಂಡಿಗೆ ಸರಿ, ಮೇಲಿನ ಚಾವಣಿಗೆ ಏನಿತ್ತು? ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಐದು ಹೆಂಗಸರು ಹೋದರು. ಆಯಾ ಹೋದಳು, ಕೂಸೊಂದನ್ನು ಮೈಯಡಿ ಹಾಕಿಕೊಂಡಿದ್ದಳು, ಕೂಸು ಉಳಿಯಿತು. ಗಾರೆಯವನ ಹೆಂಡತಿ ಹೋದಳು, ಹೊಟ್ಟೆಯಲ್ಲಿದ್ದ ಮಗುವೂ ಹೋಯಿತು. ಅವನು ಬರಿಗೈಯಲ್ಲಿ ಕಲ್ಲು ಎತ್ತಿ ಎತ್ತಿ ಹಾಕಿದ. ಅವನನ್ನು ಹಿಡಿದು ಕೂರಿಸಲು ನಾಲ್ಕು ಜನ ಬೇಕಾಯಿತು.

ಮಧ್ಯಾಹ್ನ ಸೈನ್ಯ ಬಂತು. ಬಂದೂಕಿನವರು ಅಷ್ಟರಲ್ಲಿ ಗುಡ್ಡ ದಾಟಿದ್ದರು. ಹಾರೆ ಹಿಡಿದು ಕಲ್ಲು ಸರಿಸಲು ಸೈನಿಕರೂ ಬಂದರು. ಅವರಲ್ಲೊಬ್ಬ ವಾಂತಿ ಮಾಡಿಕೊಂಡ. ಅಧಿಕಾರಿಯ ಕೊರಳಪಟ್ಟಿ ಹಿಡಿದು ಕೇಳಿದೆ, ‘ಕಣ್ಣಿರಲಿಲ್ವಾ ನಿಮಗೆ?’ ಅವನು ಬಿಡಿಸಿಕೊಳ್ಳಲಿಲ್ಲ. ನಕ್ಷೆ ತೆಗೆದು ತೋರಿಸಿದ. ‘ನೋಡಿ ಮೇಡಂ, ಖಾಲಿ ಕಟ್ಟಡ ಅಂತ ಇದೆ. ಖಾಲಿ ಕಟ್ಟಡದಲ್ಲಿ ಬಂದೂಕಿನವರು ಅಡಗಿರ್ತಾರೆ ಅಂತ ಹೊಡೆದ್ವಿ. ಹೆರಿಗೆ ಮನೇನ ನಾವು ಮುಟ್ಟಿಲ್ಲ, ನೀವೇ ನೋಡಿ.’ ನಿಜ ಅಕ್ಕಾ. ಹೆರಿಗೆ ಮನೆಯ ಒಂದು ಹೆಂಚೂ ಒಡೆದಿಲ್ಲ.

ಸೈನ್ಯ ಬಂದದ್ದು ತಪ್ಪು ಅನ್ನಲು ಈಗಲೂ ನನಗೆ ನಾಲಿಗೆ ಬರುತ್ತಿಲ್ಲ. ನಾಲ್ಕು ರಸ್ತೆ ತೆರೆದಿದೆ, ರಕ್ತ ನಿಲ್ಲಿಸುವ ಔಷಧಿ ಬಂದಿದೆ, ನಿನ್ನೆ ಒಬ್ಬಳನ್ನು ಉಳಿಸಿಕೊಂಡೆ. ಬಂದದ್ದು ಸರಿ ಅನ್ನಲೂ ಆಗುತ್ತಿಲ್ಲ. ನೀನು ಗೆದ್ದೆ ಅಂದುಕೊಂಡು ಬರೆಯಬೇಡ, ಸಹಿಸಲಾರೆ.

ಒಂದು ಕೆಲಸ ಮಾಡು. ನಿಮ್ಮ ಹಳೆಯ ಹಾಳೆ ಮೂವತ್ತು ವರ್ಷದ್ದು ಅಂದಿದ್ದೆ. ಆಗ ಶಾಲೆ ತುಂಬ ಮಕ್ಕಳಿದ್ದರು. ಅಂದಮೇಲೆ ಇತ್ತೀಚೆಗೆ ಯಾರೋ ಕೂತು ಅದನ್ನು ಖಾಲಿ ಮಾಡಿದ್ದಾರೆ. ಯಾರವರು? ಗಾರೆಯವನು ದಿನಾ ಬಂದು ಬಾಗಿಲಲ್ಲಿ ನಿಂತು ಅದನ್ನೇ ಕೇಳುತ್ತಾನೆ. ‘ನಮ್ಮಕ್ಕ ಆ ಕಚೇರಿಯಲ್ಲೇ ಇದಾಳೆ, ಹೆಸರು ತರಿಸಿಕೊಡ್ತೀನಿ’ ಅಂತ ಅವನಿಗೆ ಮಾತು ಕೊಟ್ಟಿದ್ದೇನೆ. ಹೆಸರು ಬರೆದು ಕಳಿಸು.

ನಿನ್ನ ತಂಗಿ


ಮೇ 18

ಪುಟ್ಟಾ,

ಇದರೊಳಗೆ ಎರಡು ಕಾಗದ ಇಟ್ಟಿದ್ದೇನೆ, ಏಪ್ರಿಲ್ ಹದಿನಾಲ್ಕರದ್ದು ಮತ್ತು ಇಪ್ಪತ್ತೊಂದರದ್ದು. ಎರಡೂ ‘ಅಂಚೆ ಸೇವೆ ಇಲ್ಲ’ ಎಂಬ ಮುದ್ರೆ ಹಾಕಿಸಿಕೊಂಡು ನನಗೇ ವಾಪಸ್ ಬಂದವು. ಮೊದಲು ಅವನ್ನು ಓದು, ಆಮೇಲೆ ಇದನ್ನು ಓದು.

ಓದಿದೆಯಾ? ನೀನು ಕೇಳಿದ ಹೆಸರು ನನ್ನದು.

ನಿನ್ನ ಕಾಗದ ಬಂದು ಎರಡು ದಿನವಾಯಿತು. ಈ ಎರಡು ಲಕೋಟೆ ಮುಂದಿಟ್ಟುಕೊಂಡು ಕೂತೇ ಇದ್ದೆ. ಹರಿದು ಒಲೆಗೆ ಹಾಕಿದ್ದರೆ ನಿನಗೆ ತಿಳಿಯುತ್ತಲೇ ಇರಲಿಲ್ಲ. ನಕ್ಷೆಯ ಮೇಲೆ ಬರೆದವರ ಹೆಸರು ಹಾಕುವುದಿಲ್ಲ. ಮೇಲ್ವಿಚಾರಕರು ಕರೆದು, ‘ಯುದ್ಧದಲ್ಲಿ ಇದೆಲ್ಲ ಆಗುತ್ತಮ್ಮಾ, ಯಾರ ತಪ್ಪೂ ಅಲ್ಲ, ಎಲ್ಲೂ ಬಾಯಿ ಬಿಡಬೇಡಿ’ ಅಂದರು. ಹರಿಯಬೇಕು ಎಂದು ಒಂದು ಸಲ ಕೈ ಹಾಕಿಯೂ ಇದ್ದೆ. ಅದನ್ನೂ ಹೇಳಿಬಿಡುತ್ತೇನೆ.

ಇನ್ನೊಂದು ಇದೆ. ನಮ್ಮಲ್ಲಿ ಪ್ರತಿ ತಿದ್ದುಪಡಿಗೂ ‘ಆಧಾರ’ ಎಂದು ಒಂದು ಅಂಕಣ ತುಂಬಬೇಕು, ಸ್ಥಳದಲ್ಲಿರುವವರು ಹೇಳಿದ್ದು ಎಂದು. ಅಲ್ಲಿ ನಾನು ‘ಸ್ಥಳೀಯ ನಿವಾಸಿ, ಹೆರಿಗೆ ನರ್ಸ್, ಮಾರ್ಚ್ 3ರ ಪತ್ರ’ ಎಂದು ಬರೆದಿದ್ದೇನೆ. ತಂಗಿಯ ಮಾತಿಗಿಂತ ದೊಡ್ಡ ಆಧಾರ ಯಾವುದು ಎಂದು ಹೆಮ್ಮೆಯಿಂದಲೇ ಬರೆದೆ. ನಿನ್ನ ಕಾಗದಕ್ಕೆ ಆಗಲೇ ಆರು ವಾರವಾಗಿತ್ತು. ಬೇರೆ ಯಾರಾದರೂ ಅಷ್ಟು ಹಳೆಯ ಕಾಗದ ತಂದಿದ್ದರೆ ನಾನೇ ‘ಒಪ್ಪಲ್ಲ’ ಎಂದು ತಿರುಗಿಸಿ ಕಳಿಸುತ್ತಿದ್ದೆ.

ಸೈನ್ಯ ಬೇಡ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ಆ ಹಾಳೆ ಮುಟ್ಟುವುದಿಲ್ಲ ಎಂದು ಎದ್ದು ಬರಬಹುದಿತ್ತು. ಬರಲಿಲ್ಲ. ನನಗಿಂತ ಚೆನ್ನಾಗಿ ಯಾರು ತಿದ್ದುತ್ತಾರೆ ಎಂಬ ಜಂಬ. ನಾನು ಗೆದ್ದಿಲ್ಲ ಕಣೇ.

ಅವನಿಗೆ ನನ್ನ ಹೆಸರು ಕೊಡು. ನನಗೆ ಏನು ಬೇಕಾದರೂ ಬರೆ, ಆದರೆ ಬರೆ.

ಅಕ್ಕ


ಜೂನ್ 2

ಅಕ್ಕಾ ಎಂದು ಬರೆದು ಹೊಡೆದುಹಾಕಿದೆ, ಆಮೇಲೆ ಬೇರೆ ಏನು ಬರೆಯಬೇಕೋ ತಿಳಿಯದೆ ಮತ್ತೆ ಅದನ್ನೇ ಬರೆದಿದ್ದೇನೆ.

ನಿನ್ನನ್ನು ಬೈಯಲು ಎಂದು ಕೂತರೆ ಆ ಏಪ್ರಿಲ್ ಒಂದರ ಕಾಗದ ಕಣ್ಣ ಮುಂದೆ ಬರುತ್ತದೆ. ಕೈಗೆ ಸಿಕ್ಕ ದಿನವೇ ಬರೆ ಅಂದಿದ್ದೆ. ನಾನು ಎರಡು ದಿನ ಮೂಲೆಯಲ್ಲಿ ಬಿಸಾಕಿದ್ದೆ. ಅವತ್ತೇ ಬರೆದಿದ್ದರೆ, ನೀನು ಲಾರಿಯನ್ನು ತಡೆಯುತ್ತಿದ್ದೆಯೋ ಏನೋ. ಹಾಗೆಂದು ನಿನ್ನ ಮೇಲಿನ ಸಿಟ್ಟು ಇಳಿದಿದೆ ಅಂದುಕೊಳ್ಳಬೇಡ. ಇಳಿದಿಲ್ಲ. ಬ್ಲೇಡು ಹಿಡಿದ ಕೈ ನಿನ್ನದೇ.

ಗಾರೆಯವನು ನಿನ್ನೆ ಬಂದಿದ್ದ. ‘ಹೆಸರು ಸಿಕ್ತಾ ಸಿಸ್ಟರ್?’ ಅಂದ. ‘ಇಲ್ಲಪ್ಪಾ, ಇನ್ನೂ ಬರೆದಿಲ್ಲ’ ಅಂದೆ. ಅವನು ನಂಬಿಕೊಂಡು ಹೋದ.

ನೀನು ಎಲ್ಲ ಹೇಳಿದ್ದೀ, ನಾನು ಒಂದು ಹೇಳಿರಲಿಲ್ಲ. ಫೆಬ್ರವರಿಯಲ್ಲಿ ‘ಸೈನ್ಯ ಕಳಿಸಿ’ ಎಂದು ಸರಕಾರಕ್ಕೆ ಒಂದು ಅರ್ಜಿ ಹೋಯಿತು. ಬರೆದವಳು ನಾನೇ. ನೀನು ತಡೆಯುತ್ತೀಯೆಂದು ನಿನಗೆ ತಿಳಿಸಲಿಲ್ಲ. ಹೆರಿಗೆ ಚೀಲದಲ್ಲಿ ಅಡಗಿಸಿಕೊಂಡು ಮನೆಮನೆಗೆ ಹೋಗಿ ಇನ್ನೂರ ಹನ್ನೆರಡು ಸಹಿ ಹಾಕಿಸಿದೆ. ಗಾರೆಯವನ ಹೆಂಡತಿ, ‘ಹಾಕ್ಲಾ ಬೇಡ್ವಾ ಸಿಸ್ಟರ್, ನನಗೇನೋ ಭಯ’ ಅಂದಳು. ‘ಹಾಕೇ, ನಿನ್ನ ಮಗು ನೆಮ್ಮದಿಯಾಗಿ ಹುಟ್ಟಬೇಡ್ವಾ?’ ಅಂತ ಪೆನ್ನು ನಾನೇ ಅವಳ ಕೈಗಿಟ್ಟೆ. ಅವನಿಗೆ ಇದು ಗೊತ್ತಿಲ್ಲ. ಕೆಲಸಕ್ಕೆ ಹೋಗಿದ್ದ.

ಅವನಿಗೆ ನಿನ್ನ ಹೆಸರನ್ನು ನಾನು ಕೊಡುವುದಿಲ್ಲ. ಕಾಗದದಲ್ಲಿ ಕಳಿಸುವಂಥದ್ದಲ್ಲ ಅದು. ಈಗ ಪ್ರತಿ ಗುರುವಾರ ಬಸ್ಸು ಬಿಡುತ್ತಾರೆ, ಬಾ. ನಿಲ್ದಾಣಕ್ಕೆ ನಾನು ಬರುವುದಿಲ್ಲ, ದಾರಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವನು ಶಾಲೆಯ ಗೋಡೆ ಎಬ್ಬಿಸುತ್ತಿದ್ದಾನೆ, ಕೂಲಿ ಬೇಡ ಎಂದು ತಾನೇ ಕೇಳಿ ಹಿಡಿದ ಕೆಲಸ. ಬೆಳಗ್ಗೆ ಎಂಟಕ್ಕೆಲ್ಲ ಅಲ್ಲಿರುತ್ತಾನೆ. ನಾನೂ ಅಲ್ಲೇ ನಿಂತಿರುತ್ತೇನೆ.

ಮೊದಲು ನಾನು ಹೇಳುತ್ತೇನೆ. ಆಮೇಲೆ ನೀನು ಹೇಳು.